ಕಡಿದು ಗುಡ್ಡೆ ಹಾಕಿದ್ದೇನು ಅಂತ ಕೇಳುವವರಿಗೆ

ಕಾನೂನಿನ ಆಳ್ವಿಕೆ, ಅಂದರೆ ಸರ್ಕಾರವೂ ಕಾನೂನಿಗೆ ತಲೆಬಾಗುವ ವ್ಯವಸ್ಥೆ, ಗಟ್ಟಿಯಾಗಲಿ ಎಂದು ದೇಶ ದೇಶಗಳಲ್ಲಿ ಕೆಲಸ ಮಾಡುವ ಸಂಸ್ಥೆಗಳಿವೆಯಲ್ಲ, ಅವುಗಳ ಬಗ್ಗೆ ನಾನು ಓದುತ್ತೇನೆ, ಬರೆಯುತ್ತೇನೆ, ಕರೆದರೆ ಹೋಗಿ ಮಾತಾಡುತ್ತೇನೆ. ಮಾತು ಮುಗಿಯುವುದನ್ನೇ ಕಾದಿರುತ್ತದೆ ಒಂದು ಪ್ರಶ್ನೆ. "ಅಲ್ಲಾ, ಇವರೆಲ್ಲ ಸೇರಿ ಕಡಿದು ಗುಡ್ಡೆ ಹಾಕಿದ್ದೇನು?" ಕೆಲವರು ಇದನ್ನೇ ನಯವಾಗಿ ಕೇಳುತ್ತಾರೆ. ಧ್ವನಿ ಮಾತ್ರ ಒಂದೇ. ಉತ್ತರ ಆಗಲೇ ಗೊತ್ತಿದೆ, ಸುಮ್ನೆ ನಿಮ್ಮ ಬಾಯಿಂದ ಕೇಳೋಣ ಅಂತ ಬಂದೆ ಎನ್ನುವ ಧ್ವನಿ. ಹೇಳಿ ಹೇಳಿ ಸಾಕಾಗಿದೆ. ಒಂದು ಸಲ ಬರೆದುಬಿಡುತ್ತೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುವವನು, ಬೇಜಾರು ಮಾಡಿಕೊಳ್ಳಬೇಡಿ.

ಚಿಕ್ಕ ಉತ್ತರ ಬೇಕಾ? ಒಂದು ದೇಶವನ್ನೂ ಅವರು ಸರಿ ಮಾಡಿಲ್ಲ. ಸಮಾಧಾನ ಆಯ್ತಾ? ಅವರ ಹತ್ತಿರ ಪೊಲೀಸರಿಲ್ಲ, ಜೈಲಿಲ್ಲ, ವೋಟಿಲ್ಲ. ಯಾವ ಮಂತ್ರಿಯನ್ನೂ ಕುರ್ಚಿಯಿಂದ ಎಬ್ಬಿಸುವ ಅಧಿಕಾರ ಇಲ್ಲ. ಇಷ್ಟು ಸಾಕು ಎನ್ನುವವರು ಇಲ್ಲಿಗೇ ನಿಲ್ಲಿಸಬಹುದು.

ಒಂದು ಸಭೆಯಲ್ಲಿ ಹಿರಿಯರೊಬ್ಬರು ಎದ್ದು ನಿಂತು ಮೊಬೈಲ್ ಎತ್ತಿ ತೋರಿಸಿದರು. ವರ್ಲ್ಡ್ ಜಸ್ಟಿಸ್ ಪ್ರಾಜೆಕ್ಟ್ ಎಂಬ ಸಂಸ್ಥೆ ವರ್ಷ ವರ್ಷ ಹೊರತರುವ ಕಾನೂನಿನ ಆಳ್ವಿಕೆಯ ಸೂಚ್ಯಂಕ ಅದರಲ್ಲಿತ್ತು. 2024ರದು. 142 ದೇಶಗಳ ಪಟ್ಟಿ, ತಲೆಯಲ್ಲಿ ಡೆನ್ಮಾರ್ಕ್, ಬುಡದಲ್ಲಿ ವೆನೆಜುವೆಲಾ. "ನೋಡಿ ಸಾರ್, ಇವರೇ ಬರೆದುಕೊಂಡಿದ್ದಾರೆ. ಸತತ ಏಳನೇ ವರ್ಷ ಅರ್ಧಕ್ಕಿಂತ ಜಾಸ್ತಿ ದೇಶಗಳ ಅಂಕ ಇಳಿದಿದೆಯಂತೆ. ತಮ್ಮ ಮಾರ್ಕ್ಸ್ ಕಾರ್ಡಲ್ಲಿ ತಾವೇ ಫೇಲು!" ಸಭೆ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ, ಜೋಕು ಚೆನ್ನಾಗಿತ್ತು. ಆದರೆ ಆ ಕಾರ್ಡು ಯಾರದ್ದು ಸ್ವಾಮಿ? 2 ಲಕ್ಷಕ್ಕೂ ಹೆಚ್ಚು ಮನೆಗಳಲ್ಲಿ ಕೇಳಿ, ಮೂರು ಸಾವಿರಕ್ಕೂ ಹೆಚ್ಚು ವಕೀಲರು, ತಜ್ಞರನ್ನು ಕೇಳಿ ಹಾಕಿದ ಅಂಕ ಅದು. ಅಧಿಕಾರಿ ಲಂಚ ಕೇಳಿದನಾ, ಕೇಸು ಹೊತ್ತಿಗೆ ಮುಗಿಯಿತಾ, ಸರ್ಕಾರಕ್ಕೆ ಮೂಗುದಾರ ಹಾಕುವವರು ಯಾರಾದರೂ ಇದ್ದಾರಾ ಎಂಬಂಥ ಪ್ರಶ್ನೆಗಳು. ಪರೀಕ್ಷೆ ಬರೆದದ್ದು ಸರ್ಕಾರಗಳು. ಪೇಪರ್ ತಿದ್ದಿದ ಮೇಷ್ಟ್ರೇ ಫೇಲು ಅಂದರೆ ಹೇಗೆ?

ಅವರು ಬಿಡಲಿಲ್ಲ. "ಸರಿ, ಒಂದು ಕಡೆ ತೋರಿಸಿ. ಒಂದೇ ಒಂದು." ನಾನು ಗ್ವಾಟೆಮಾಲಾ ಎಂದೆ. "ಅದೆಲ್ಲಿದೆ?" ಎಂದರು. ಅಷ್ಟರಲ್ಲಿ ವಂದನಾರ್ಪಣೆ ಶುರುವಾಯಿತು. ಆವತ್ತು ಗಂಟಲಲ್ಲೇ ಉಳಿದದ್ದನ್ನು ಇಲ್ಲಿ ಪೂರ್ತಿ ಹೇಳುತ್ತೇನೆ.

ಗ್ವಾಟೆಮಾಲಾ ಇರುವುದು ಮಧ್ಯ ಅಮೆರಿಕದಲ್ಲಿ. ಅಲ್ಲಿ 1960ರಿಂದ 1996ರವರೆಗೆ ಅಂತರ್ಯುದ್ಧ ನಡೆಯಿತು. ಯುದ್ಧ ಮುಗಿದರೂ ಆ ಕಾಲದಲ್ಲಿ ಬೆಳೆದ ಗುಪ್ತ ಜಾಲಗಳು ಮುಗಿಯಲಿಲ್ಲ. ಪೊಲೀಸ್, ಸುಂಕದ ಇಲಾಖೆ, ಕೋರ್ಟು, ಎಲ್ಲ ಕಡೆ ಬೇರು ಬಿಟ್ಟವು. ಕೊಲೆಗಾರರಿಗೆ ಶಿಕ್ಷೆ ಆಗುವುದೇ ಅಪರೂಪ. ಕೊನೆಗೆ ವಿಶ್ವಸಂಸ್ಥೆಯ ಜೊತೆ ಒಪ್ಪಂದ ಮಾಡಿಕೊಂಡು 2007ರಲ್ಲಿ ಒಂದು ಆಯೋಗವನ್ನೇ ಕರೆಸಿಕೊಂಡರು. ಸ್ಪ್ಯಾನಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಅದನ್ನು ಸಿಸಿಗ್ ಎನ್ನುತ್ತಾರೆ. ಹೊರದೇಶದ ವಕೀಲರು, ತನಿಖೆಗಾರರು ಬಂದು ಅಲ್ಲಿಯ ಸರ್ಕಾರಿ ವಕೀಲರ ಜೊತೆ ಕೂತು ಕೆಲಸ ಮಾಡಬೇಕು, ಕೇಸು ನಡೆಯುವುದು ಅಲ್ಲಿಯ ಕೋರ್ಟಲ್ಲೇ, ಅಲ್ಲಿಯ ಕಾನೂನಿನಲ್ಲೇ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

2009ರ ಮೇ ತಿಂಗಳ ಒಂದು ಭಾನುವಾರ ರೋಡ್ರಿಗೊ ರೋಸೆನ್‌ಬರ್ಗ್ ಎಂಬ ವಕೀಲ ರಾಜಧಾನಿಯಲ್ಲಿ ಸೈಕಲ್ ತುಳಿಯಲು ಹೊರಟವನು ಗುಂಡೇಟಿಗೆ ಸತ್ತ. ಅಂತ್ಯಕ್ರಿಯೆಯಲ್ಲಿ ಒಂದು ವಿಡಿಯೊ ಹಂಚಿದರು. ಸಾಯುವ ಮುಂಚೆ ಅವನೇ ಮಾಡಿಟ್ಟದ್ದು. ನೀವು ಇದನ್ನು ನೋಡುತ್ತಿದ್ದೀರಿ ಅಂದರೆ ನನ್ನನ್ನು ಅಧ್ಯಕ್ಷ ಆಲ್ವಾರೊ ಕೊಲೊಮ್ ಕೊಲ್ಲಿಸಿದ್ದಾರೆ ಎಂದು ಅರ್ಥ, ಎನ್ನುತ್ತಾನೆ ಅದರಲ್ಲಿ. ದೇಶ ಹೊತ್ತಿಕೊಂಡಿತು. ಜನ ಬೀದಿಗಿಳಿದು ಅಧ್ಯಕ್ಷ ಇಳಿಯಲಿ ಎಂದು ಕೂಗಿದರು. ಅಧ್ಯಕ್ಷರ ಕೈಕೆಳಗಿನ ಪೊಲೀಸರು ತನಿಖೆ ಮಾಡಿ ನಮ್ಮ ಸಾಹೇಬರು ನಿರಪರಾಧಿ ಅಂದರೆ ಯಾರು ನಂಬುತ್ತಾರೆ? ತನಿಖೆ ಸಿಸಿಗ್ ಹೆಗಲಿಗೆ ಬಂತು. ಎಳೆ ಹಿಡಿದು ಹೋದರೆ ಸಿಕ್ಕಿದ್ದು ಮೊಬೈಲ್ ಫೋನುಗಳ ಜಾಡು. ರೋಸೆನ್‌ಬರ್ಗ್‌ಗೆ ಬರುತ್ತಿದ್ದ ಬೆದರಿಕೆ ಕರೆಗಳು ಅವನದೇ ಇನ್ನೊಂದು ಫೋನಿಂದ ಬಂದಿದ್ದವು. ಸುಪಾರಿ ಕೊಟ್ಟವನೂ ಅವನೇ! ತನ್ನ ಕಕ್ಷಿದಾರನನ್ನೂ ಆತನ ಮಗಳನ್ನೂ ಸರ್ಕಾರವೇ ಕೊಲ್ಲಿಸಿದೆ ಎಂದು ನಂಬಿ, ಅಧ್ಯಕ್ಷರನ್ನು ಉರುಳಿಸಲು ತನ್ನ ಸಾವನ್ನೇ ಏರ್ಪಾಡು ಮಾಡಿಕೊಂಡಿದ್ದ. ಕೊಂದವರಿಗೆ ತಾವು ಕೊಲ್ಲುತ್ತಿರುವುದು ಯಾರನ್ನು ಎಂಬುದೇ ಗೊತ್ತಿರಲಿಲ್ಲ. 2010ರ ಜನವರಿಯಲ್ಲಿ ಆಯೋಗ ಇದನ್ನು ಬಿಡಿಸಿ ಹೇಳಿತು. ಹೊರಗಿನವರು ಹೇಳಿದ್ದಕ್ಕೇ ಒಂದು ಸರ್ಕಾರ ಉಳಿಯಿತು.

ಮುಂದಿನ ಸರದಿ ಉಲ್ಟಾ. 2015ರಲ್ಲಿ ಇದೇ ಆಯೋಗ ಸುಂಕದ ಇಲಾಖೆಯ ದೊಡ್ಡ ಕಳ್ಳತನವನ್ನು ಬಯಲಿಗೆಳೆಯಿತು. ಸರಕು ತರಿಸುವವರು ಒಂದು ಫೋನ್ ನಂಬರಿಗೆ ಕರೆ ಮಾಡಬೇಕು, ಲಂಚ ಕುದುರಿಸಬೇಕು, ಸುಂಕ ಕಮ್ಮಿ. ಕದ್ದು ಕೇಳಿದ ಕರೆಗಳ ಜಾಡು ಮೊದಲು ಉಪಾಧ್ಯಕ್ಷೆಯ ಬಾಗಿಲಿಗೆ ಹೋಯಿತು, ಆಮೇಲೆ ಅಧ್ಯಕ್ಷ ಒಟ್ಟೊ ಪೆರೆಸ್ ಮೊಲಿನಾ ಬಾಗಿಲಿಗೆ. ಸೆಪ್ಟೆಂಬರ್‌ನಲ್ಲಿ ಸಂಸತ್ತು ಅಧ್ಯಕ್ಷರ ಮೇಲೆ ಕೇಸು ನಡೆಸದಂತೆ ಇದ್ದ ಕಾನೂನಿನ ರಕ್ಷಣೆಯನ್ನು ತೆಗೆಯಿತು, ಅವರು ರಾಜೀನಾಮೆ ಕೊಟ್ಟರು, ನೆಟ್ಟಗೆ ಕೋರ್ಟಿಗೆ, ಅಲ್ಲಿಂದ ಕಸ್ಟಡಿಗೆ. ಅವರ ನಂತರ ಗೆದ್ದವರು ಜಿಮ್ಮಿ ಮೊರಾಲೆಸ್ ಎಂಬ ಹಾಸ್ಯನಟ. ನಾನು ಭ್ರಷ್ಟನೂ ಅಲ್ಲ ಕಳ್ಳನೂ ಅಲ್ಲ ಎನ್ನುವುದೇ ಅವರ ಘೋಷಣೆ. ಸಿಸಿಗ್ ಅವರ ಅಣ್ಣನ ಮೇಲೆ, ಮಗನ ಮೇಲೆ, ಕೊನೆಗೆ ಅವರ ಚುನಾವಣಾ ಖರ್ಚಿನ ಮೇಲೆ ಕಣ್ಣು ಹಾಕಿತು. ಆಯೋಗದ ಮುಖ್ಯಸ್ಥರಾದ ಕೊಲಂಬಿಯಾದ ಇವಾನ್ ವೆಲಾಸ್ಕೆಸ್ ಅವರಿಗೆ 2018ರಲ್ಲಿ ದೇಶದ ಬಾಗಿಲೇ ಮುಚ್ಚಿತು. 2019ರ ಸೆಪ್ಟೆಂಬರ್‌ಗೆ ಆಯೋಗಕ್ಕೇ ಬೀಗ. ಅದರ ಜೊತೆ ದುಡಿದ ಸರ್ಕಾರಿ ವಕೀಲರು, ನ್ಯಾಯಾಧೀಶರು ಒಬ್ಬೊಬ್ಬರಾಗಿ ದೇಶ ಬಿಟ್ಟರು. ಅಟಾರ್ನಿ ಜನರಲ್ ಆಗಿದ್ದ ಥೆಲ್ಮಾ ಆಲ್ದಾನಾ ಅವರೂ ಅದರಲ್ಲಿ ಒಬ್ಬರು. ಇಷ್ಟಾದ ಮೇಲೂ 2022ರ ಡಿಸೆಂಬರ್‌ನಲ್ಲಿ ಅದೇ ಸುಂಕದ ಕೇಸಲ್ಲಿ ಮಾಜಿ ಅಧ್ಯಕ್ಷರಿಗೂ ಮಾಜಿ ಉಪಾಧ್ಯಕ್ಷೆಗೂ 16 ವರ್ಷ ಜೈಲು ಶಿಕ್ಷೆ ಆಯಿತು.

ಈಗ ಹೇಳಿ, ಇದು ಗೆಲುವೋ ಸೋಲೋ? ಗುಡ್ಡೆ ಎಷ್ಟು ಎತ್ತರ ಎಂದು ಅಳೆಯಲು ಬಂದವರು ಇಲ್ಲಿ ಟೇಪು ಎಲ್ಲಿ ಹಿಡಿಯುತ್ತಾರೆ? ನನಗೆ ಸಿಟ್ಟು ಬರುವುದು ಇಲ್ಲೇ. ಸಿಸಿಗ್ ಏನು ಮಾಡಿತು ಅಂತ ಎಲ್ಲರೂ ಕೇಳುತ್ತಾರೆ. ಪಕ್ಕದಲ್ಲಿ ಕೂತು ಫೈಲ್‌ಗೆ ಸಹಿ ಹಾಕಿದ ಗ್ವಾಟೆಮಾಲಾದವರು ಯಾರು, ಹೊರಗಿನವರು ವಿಮಾನ ಹತ್ತಿದ ಮೇಲೆ ಅವರ ಗತಿ ಏನಾಯಿತು ಅಂತ ಒಬ್ಬರೂ ಕೇಳಲಿಲ್ಲ. ನನಗೆ ಬೇಕಾದದ್ದು ಆ ಪ್ರಶ್ನೆ. ಹೊರಗಿಂದ ಬಂದ ಕೈಯನ್ನು ಒಳಗಿನವರು ಯಾರು ಹಿಡಿದುಕೊಂಡರು, ಅದರಿಂದ ಏನು ಮಾಡಿಕೊಂಡರು?

ಹಾಗೆ ಕೇಳಿದರೆ ನಾನು ಮಲಾವಿಯ ಜೈಲುಗಳ ವಿಷಯ ಹೇಳುತ್ತೇನೆ. ಆಫ್ರಿಕಾದ ಬಡ ದೇಶ, ವಕೀಲರು ತೀರಾ ಕಮ್ಮಿ. ವಿಚಾರಣೆಯೇ ಆಗದೆ ವರ್ಷಗಟ್ಟಲೆ ಒಳಗೆ ಕೊಳೆಯುತ್ತಿದ್ದವರು ಎಷ್ಟೋ ಜನ. ಕೆಲವರ ಫೈಲೇ ಕಳೆದುಹೋಗಿರುತ್ತಿತ್ತು. 2000ದಲ್ಲಿ ಪೀನಲ್ ರಿಫಾರ್ಮ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆಯ ನೆರವಿನಿಂದ ಅಲ್ಲಿ ಪ್ಯಾರಾಲೀಗಲ್‌ಗಳು ಜೈಲಿನೊಳಗೆ ಹೋಗಲು ಶುರು ಮಾಡಿದರು. ವಕೀಲರಲ್ಲ, ಕಾನೂನಿನ ತರಬೇತಿ ಪಡೆದ ಸಾಮಾನ್ಯರು. ಅವರು ಭಾಷಣ ಮಾಡುವುದಿಲ್ಲ, ನಾಟಕ ಆಡಿಸುತ್ತಾರೆ. ಒಬ್ಬ ಕೈದಿ ಮ್ಯಾಜಿಸ್ಟ್ರೇಟ್, ಇನ್ನೊಬ್ಬ ಪೊಲೀಸ್, ಮತ್ತೊಬ್ಬ ಆರೋಪಿ. ಜಾಮೀನು ಕೇಳುವುದು ಹೇಗೆ, ಯಾವಾಗ ಬಾಯಿ ಬಿಡಬೇಕು, ಏನು ಹೇಳಬೇಕು, ಎಲ್ಲ ಅಲ್ಲೇ ಅಭ್ಯಾಸ. ಮರುದಿನ ಕೋರ್ಟಲ್ಲಿ ಆ ಮನುಷ್ಯ ತನ್ನ ಜಾಮೀನನ್ನು ತಾನೇ ಕೇಳುತ್ತಾನೆ. ಇನ್ನೊಂದು ಕಡೆ ಇದೇ ಪ್ಯಾರಾಲೀಗಲ್‌ಗಳು ಅಕ್ರಮವಾಗಿ ಒಳಗಿರುವವರ ಪಟ್ಟಿ ಹಿಡಿದು ಪೊಲೀಸ್ ಠಾಣೆ, ಕೋರ್ಟು ಅಂತ ಅಲೆಯುತ್ತಾರೆ. ಮ್ಯಾಜಿಸ್ಟ್ರೇಟರು ಜೈಲಿಗೇ ಬಂದು ಕೂತು ಕೇಸು ಕೇಳುವಂತೆ ಮಾಡಿದ್ದಾರೆ. ಉಗಾಂಡ, ಬಾಂಗ್ಲಾದೇಶಗಳೂ ಈ ದಾರಿ ಹಿಡಿದವು. ಇದಕ್ಕೆ ಚಪ್ಪಾಳೆ ಬೀಳುವುದಿಲ್ಲ, ಗೊತ್ತು. ಇದರಲ್ಲಿ ಯಾವ ಅಧ್ಯಕ್ಷನೂ ಉರುಳುವುದಿಲ್ಲವಲ್ಲ.

ವೆನಿಸ್ ಆಯೋಗದ ಹೆಸರು ಹೇಳಿದರಂತೂ ಜನ ಮುಗುಳ್ನಗುತ್ತಾರೆ. ಯುರೋಪ್ ಮಂಡಳಿ 1990ರಲ್ಲಿ ಕಟ್ಟಿದ ಸಂವಿಧಾನ ತಜ್ಞರ ಆಯೋಗ ಅದು. ವರ್ಷಕ್ಕೆ ನಾಲ್ಕು ಸಲ ವೆನಿಸ್‌ನಲ್ಲಿ ಸೇರುತ್ತಾರೆ. "ಚೆನ್ನಾಗಿದೆ ಬಿಡಿ ಕೆಲಸ!" ಎನ್ನುವ ಜೋಕನ್ನು ನಾನು ಸಾಕಷ್ಟು ಕೇಳಿದ್ದೇನೆ. ಅವರು ಕೊಡುವುದು ಬರೀ ಅಭಿಪ್ರಾಯ, ಯಾರೂ ಪಾಲಿಸಲೇಬೇಕು ಅಂತಿಲ್ಲ. ನ್ಯಾಯಾಧೀಶರನ್ನು ಅವಧಿಗೆ ಮುಂಚೆ ಮನೆಗೆ ಕಳಿಸಬೇಡಿ ಎಂಬ ಅವರ ಅಭಿಪ್ರಾಯವನ್ನು ಪೋಲೆಂಡ್ ಸರ್ಕಾರವೂ ಪಾಲಿಸಲಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್ ನ್ಯಾಯಾಧೀಶರ ನಿವೃತ್ತಿ ವಯಸ್ಸನ್ನು 70ರಿಂದ 65ಕ್ಕೆ ಇಳಿಸಿತು. ಒಂದೇ ಏಟಿಗೆ ಮೂರರಲ್ಲಿ ಒಂದು ಪಾಲು ನ್ಯಾಯಾಧೀಶರು ಮನೆಗೆ. ಮುಖ್ಯ ನ್ಯಾಯಾಧೀಶೆ ಮಾವ್ಗೊಝಾಟಾ ಗೆರ್ಸ್‌ಡಾರ್ಫ್ ಮಾತ್ರ ಮರುದಿನವೂ ಎಂದಿನಂತೆ ಕೆಲಸಕ್ಕೆ ಬಂದರು. ಕೇಸು ಯುರೋಪಿಯನ್ ಒಕ್ಕೂಟದ ಕೋರ್ಟಿಗೆ ಹೋಯಿತು. ತೀರ್ಪು ಬರುವ ಮೊದಲೇ ಸರ್ಕಾರ ಕಾನೂನು ಬದಲಿಸಿ ಆ ನ್ಯಾಯಾಧೀಶರನ್ನು ವಾಪಸ್ ಕರೆಯಬೇಕಾಯಿತು. 2019ರ ಜೂನ್‌ನಲ್ಲಿ ತೀರ್ಪೂ ಸರ್ಕಾರದ ವಿರುದ್ಧವೇ ಬಂತು. ಅದನ್ನು ಓದಿ ನೋಡಿ. ಈ ಕಾನೂನಿನ ನಿಜವಾದ ಉದ್ದೇಶದ ಬಗ್ಗೆ ಅನುಮಾನ ಯಾಕೆ ಅಂತ ಹೇಳುವ ಜಾಗದಲ್ಲಿ, ಬೆಲೆ ಇಲ್ಲದ್ದು ಎಂದು ಎಲ್ಲರೂ ನಕ್ಕ ವೆನಿಸ್ ಆಯೋಗದ ಕಾಗದದ ಪ್ರಸ್ತಾಪ ಇದೆ.

ಇಷ್ಟು ಹೇಳಿದ ಮೇಲೆ ಕೊನೆಯ ಬಾಣ ಬರುತ್ತದೆ. "ದುಡ್ಡು ಯಾರದು ಸಾರ್?" ಕೇಳಿ, ಖಂಡಿತ ಕೇಳಿ. ಜಿನೀವಾದಲ್ಲಿರುವ ಇಂಟರ್‌ನ್ಯಾಷನಲ್ ಕಮಿಷನ್ ಆಫ್ ಜೂರಿಸ್ಟ್ಸ್ ಎಂಬ ನ್ಯಾಯವಾದಿಗಳ ಸಂಸ್ಥೆ ಹುಟ್ಟಿದ್ದು 1952ರಲ್ಲಿ, ಪಶ್ಚಿಮ ಬರ್ಲಿನ್‌ನಲ್ಲಿ. ಅದಕ್ಕೆ ಕೆಲವೇ ದಿನ ಮುಂಚೆ ವಾಲ್ಟರ್ ಲಿನ್ಸೆ ಎಂಬ ವಕೀಲನನ್ನು ಪೂರ್ವ ಜರ್ಮನಿಯ ಗುಪ್ತಚರರ ಕಡೆಯವರು ಅವನ ಮನೆ ಮುಂದಿಂದಲೇ ಕಾರಿಗೆ ತುರುಕಿ ಒಯ್ದಿದ್ದರು. ಮಾಸ್ಕೋದಲ್ಲಿ ಅವನಿಗೆ ಮರಣದಂಡನೆ ಆಯಿತು. ಇದೇ ಸಂಸ್ಥೆ 1959ರಲ್ಲಿ ದೆಹಲಿಯಲ್ಲಿ 53 ದೇಶಗಳ 185 ನ್ಯಾಯವಾದಿಗಳನ್ನು ಕೂಡಿಸಿ, ಕಾನೂನಿನ ಆಳ್ವಿಕೆ ಅಂದರೆ ಏನೇನು ಇರಬೇಕು ಅಂತ ಬರೆಸಿತು. ಅದರ ಹಿಂದಿದ್ದ ಹಣದಲ್ಲಿ ಅಮೆರಿಕದ ಸಿಐಎ ಗುಟ್ಟಾಗಿ ಕೊಟ್ಟದ್ದೂ ಇತ್ತು ಅಂತ 1967ರಲ್ಲಿ ಹೊರಬಿತ್ತು. ನಾನು ಇದನ್ನು ಮುಚ್ಚಿಡುವುದಿಲ್ಲ. ಜೊತೆಗೆ ಇನ್ನೊಂದನ್ನೂ ಹೇಳುತ್ತೇನೆ. ಆ ಹಣ ಬರುತ್ತಿದ್ದ ಕಾಲದಲ್ಲೇ, 1962ರಲ್ಲಿ, ಅಮೆರಿಕದ ಗೆಳೆಯನಾಗಿದ್ದ ಸ್ಪೇನಿನ ಫ್ರಾಂಕೊ ಆಡಳಿತವನ್ನು ಆ ಸಂಸ್ಥೆ ವರದಿ ಬರೆದು ಝಾಡಿಸಿತು.

ಹಣ ಕೊಡುವವನು ಕೈ ಎಳೆದುಕೊಂಡರೆ ಏನಾಗುತ್ತದೆ ಅಂತಲೂ ನೋಡಿಯಾಯಿತು. 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನು ತಡೆಹಿಡಿಯಿತು. ಅಲ್ಲಿಯ ವಕೀಲರ ಸಂಘವಾದ ಅಮೆರಿಕನ್ ಬಾರ್ ಅಸೋಸಿಯೇಷನ್ 1990ರಿಂದ ಬೇರೆ ದೇಶಗಳಲ್ಲಿ ಕೋರ್ಟು ಗಟ್ಟಿ ಮಾಡುವ ಕೆಲಸ ನಡೆಸಿಕೊಂಡು ಬಂದಿತ್ತು. ಆ ಹಣ ನಿಂತ ಮೇಲೆ ಸಂಘ ಬೇರೆ ಸಂಸ್ಥೆಗಳ ಜೊತೆ ಸೇರಿ ತನ್ನ ದೇಶದ ಅಧ್ಯಕ್ಷರ ವಿರುದ್ಧವೇ ಕೇಸು ಹಾಕಿ, ತನ್ನ ದೇಶದ ಕೋರ್ಟಿನ ಮುಂದೆಯೇ ಅರ್ಜಿದಾರನಾಗಿ ನಿಂತಿತು.