ಬಾಲಕ್, ಬಾಲಕ್! ಅಮ್ಮನ ಜೊತೆ ಫೆಜ್ ಗಲ್ಲಿಗಳಲ್ಲಿ

ಬೆನ್ನ ಹಿಂದೆ ಯಾರೋ "ಬಾಲಕ್! ಬಾಲಕ್!" ಅಂತ ಕೂಗಿದರು. ಅಮ್ಮ ಯಾವ ಹುಡುಗನನ್ನು ಕರೆಯುತ್ತಿದ್ದಾರೋ ಅಂತ ನಿಂತು ತಿರುಗಿದಳು. ಹುಡುಗ ಎಲ್ಲಿಂದ ಬರಬೇಕು, ಗ್ಯಾಸ್ ಸಿಲಿಂಡರ್ ಹೊತ್ತ ಹೇಸರಗತ್ತೆಯೊಂದು ಅವಳ ಮೂಗಿನ ಹತ್ತಿರವೇ ಬಂದಿತ್ತು. ಕೈ ಹಿಡಿದು ಗೋಡೆಗೆ ಎಳೆದೆ. ಕತ್ತೆ ನಮ್ಮ ಹೊಟ್ಟೆ ಸವರಿಕೊಂಡು ಇಳಿಜಾರಲ್ಲಿ ಟಕಟಕ ಅಂತ ಹೋಯಿತು. ಫೆಜ್ ಇರುವುದು ಮೊರಾಕೊ ದೇಶದಲ್ಲಿ, ಅಲ್ಲಿನ ಅರಬ್ಬಿಯಲ್ಲಿ ಬಾಲಕ್ ಅಂದರೆ "ಹುಷಾರು, ದಾರಿ ಬಿಡಿ" ಅಂತ. ಫೆಜ್‌ನಲ್ಲಿ ನಾವು ಕಲಿತ ಮೊದಲ ಪದ ಅದೇ, ಮತ್ತೆ ಮರೆಯುವ ಹಾಗೇ ಇರಲಿಲ್ಲ, ಯಾಕೆಂದರೆ ಐದು ನಿಮಿಷಕ್ಕೊಮ್ಮೆ ಯಾರಾದರೂ ಕೂಗುತ್ತಲೇ ಇದ್ದರು.

ಅಮ್ಮನಿಗೆ ಅರವತ್ತೈದು. ಸಾಗರದ ಹತ್ತಿರ ನಮ್ಮೂರು. ತಮ್ಮ ಬರಬೇಕಿದ್ದವನು ಕೊನೇ ಗಳಿಗೆಯಲ್ಲಿ ಕೈಕೊಟ್ಟ, ಸುಮ್ನೆ ಕೇಳಿದ್ದಕ್ಕೆ ಅಮ್ಮ "ನಾನೇ ಬರ್ತೀನಿ" ಅಂದುಬಿಟ್ಟಳು. ಬೆಂಗಳೂರಿಂದ ದೋಹಾ, ಅಲ್ಲಿಂದ ಕಾಸಾಬ್ಲಾಂಕಾ, ಆಮೇಲೆ ರಬಾತ್, ಮೆಕ್ನೆಸ್ ದಾಟಿ ನಾಲ್ಕು ತಾಸಿನ ರೈಲು. ರೈಲಿಡೀ ಆಲಿವ್ ತೋಟ ನೋಡಿಕೊಂಡು "ಗೊಬ್ಬರ ಏನು ಹಾಕ್ತಾರೋ" ಅಂತ ಯೋಚಿಸುತ್ತಿದ್ದಳು.

ಸ್ಟೇಷನ್ನಿಂದ ಕೆಂಪು ಟ್ಯಾಕ್ಸಿ ನಮ್ಮನ್ನು ಬಾಬ್ ಬೂ ಜಲೂದ್ ಅನ್ನುವ ದೊಡ್ಡ ಬಾಗಿಲಿನ ಹತ್ತಿರ ಇಳಿಸಿ ಹೊರಟೇ ಹೋಯಿತು. ಒಳಗೆ ಕಾರು ಹೋಗುವುದಿಲ್ಲ. ಹಳೇ ಊರಿನೊಳಗೆ ಓಡಾಟ ಎಲ್ಲ ಕಾಲ ಮೇಲೆ, ಸಾಮಾನೆಲ್ಲ ಕತ್ತೆ ಮೇಲೆ ಅಥವಾ ತಳ್ಳುಗಾಡಿಯಲ್ಲಿ. ಬಾಗಿಲು ಹೊರಗಿಂದ ನೋಡಿದರೆ ನೀಲಿ, ಒಳಗಿಂದ ಹಸಿರು. ಕಟ್ಟಿದ್ದು 1913ರಲ್ಲಿ, ಫ್ರೆಂಚರ ಕಾಲದಲ್ಲಿ ಅಂತ ಹೇಳಿದೆ. "ಅಷ್ಟೇನಾ? ನಮ್ಮನೆ ಜಗಲಿ ಕಂಬ ಇದಕ್ಕಿಂತ ಹಳೇದು" ಅಂದಳು ಅಮ್ಮ. ಮಾತು ಸುಳ್ಳಲ್ಲ. ಆದರೆ ಬಾಗಿಲು ದಾಟಿದ ಮೇಲಿನ ಊರು ಶುರುವಾದದ್ದು 789ರಲ್ಲಿ, ಇದ್ರಿಸ್ ಅನ್ನುವ ದೊರೆಯ ಕಾಲಕ್ಕೆ. ಹೊಳೆಯ ಒಂದು ದಡ ಅವನದು, ಇನ್ನೊಂದು ದಡದಲ್ಲಿ ಮಗ ಊರು ಕಟ್ಟಿದ. ಒಂದು ಕಡೆ ಸ್ಪೇನಿನ ಕೊರ್ಡೋಬಾದಿಂದ ಓಡಿಬಂದವರು ನೆಲೆಯಾದರು, ಇನ್ನೊಂದು ಕಡೆ ಟುನೀಶಿಯಾದ ಕೈರವಾನಿನವರು. ಎರಡೂ ಒಂದೇ ಗೋಡೆಯೊಳಗೆ ಸೇರಿದ್ದು ಹನ್ನೊಂದನೇ ಶತಮಾನದಲ್ಲಿ. 1912ರ ಮೇಲೆ ಫ್ರೆಂಚರು ರಾಜಧಾನಿಯನ್ನು ರಬಾತ್‌ಗೆ ಒಯ್ದರು, ತಮಗೆ ಬೇಕಾದ ಅಗಲ ರಸ್ತೆಗಳ ಹೊಸ ಫೆಜ್ ಅನ್ನು ದೂರದಲ್ಲಿ ಕಟ್ಟಿಕೊಂಡರು. ಹಾಗಾಗಿ ಹಳೇದನ್ನು ಒಡೆಯುವ ಗೋಜಿಗೆ ಯಾರೂ ಹೋಗಲಿಲ್ಲ. 1981ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು.

ನಾವು ಇಳಿದುಕೊಂಡ ಮನೆ ಹೊರಗಿಂದ ಬರೀ ಗೋಡೆ. ಕಿಟಕಿ ಇಲ್ಲ, ಬೋರ್ಡು ಕೈಯಗಲದ್ದು. ಬಗ್ಗಿ ಒಳಗೆ ಹೋದರೆ ನಡುವೆ ಆಕಾಶಕ್ಕೆ ತೆರೆದ ಅಂಗಳ, ಒಂದು ನಿಂಬೆ ಗಿಡ, ಸುತ್ತ ಎರಡು ಅಂತಸ್ತು. "ತೊಟ್ಟಿಮನೆ" ಅಂತ ಅಮ್ಮ ಒಂದೇ ಪದದಲ್ಲಿ ಮುಗಿಸಿದಳು.

ಇನ್ನು ದಾರಿ ತಪ್ಪಿದ ಕಥೆ. ಫೋನಿನ ಮ್ಯಾಪ್ ಇದೆಯಲ್ಲ ಅನ್ನುವ ಧೈರ್ಯ ನನ್ನದು. ಗಲ್ಲಿ ಎಷ್ಟು ಕಿರಿದು, ಗೋಡೆ ಎಷ್ಟು ಎತ್ತರ ಅಂದರೆ ಆ ನೀಲಿ ಚುಕ್ಕೆ ಒಮ್ಮೆ ಮಸೀದಿಯ ಮೇಲೆ, ಒಮ್ಮೆ ಯಾರದೋ ಅಡುಗೆಮನೆಯಲ್ಲಿ, ಒಮ್ಮೆ ಹೊಳೆಯಲ್ಲಿ ಕುಣಿಯುತ್ತಿತ್ತು. ಅದನ್ನೇ ದಿಟ್ಟಿಸಿಕೊಂಡು ನಿಂತಿದ್ದಾಗ ಒಬ್ಬ ಹುಡುಗ ಬಂದು "ಆ ದಾರಿ ಬಂದ್ ಆಗಿದೆ, ನಾನು ತೋರಿಸ್ತೀನಿ" ಅಂದ. ಹಿಂದೆ ಹೋದೆವು. ಎಡ, ಬಲ, ಒಂದು ಕತ್ತಲ ಸಂದಿ, ಮತ್ತೆ ಎಡ, ಕೊನೆಗೆ ನೋಡಿದರೆ ಕಂಬಳಿ ಅಂಗಡಿ! ಬೇಡ ಅಂದಿದ್ದಕ್ಕೆ ದಾರಿ ತೋರಿಸಿದ ಕೂಲಿ ಅಂತ ಇನ್ನೂರು ದಿರ್ಹಮ್ ಕೇಳಿದ. ಆಗ ಒಂದು ದಿರ್ಹಮ್ ಅಂದರೆ ನಮ್ಮ ಎಂಟೊಂಬತ್ತು ರೂಪಾಯಿ, ಲೆಕ್ಕ ಹಾಕಿ. ಅಮ್ಮ ಶುದ್ಧ ಕನ್ನಡದಲ್ಲಿ "ನಿನ್ನ ಅಮ್ಮನ್ನ ಕರಿ, ಮಾತಾಡ್ತೀನಿ" ಅಂದಳು. ಏನು ಅರ್ಥವಾಯಿತೋ, ಇಪ್ಪತ್ತಕ್ಕೆ ಒಪ್ಪಿ ನಕ್ಕೊಂಡು ಹೋದ.

ಈಗ ಎಲ್ಲಿದ್ದೀವಿ ಅನ್ನುವುದೇ ಗೊತ್ತಿಲ್ಲ. ನಾನು ಮತ್ತೆ ಫೋನ್ ತೆಗೆದೆ. ಅಮ್ಮ ಮಾತ್ರ ನೆಲ ನೋಡುತ್ತಿದ್ದಳು. ಪಕ್ಕದ ಅಂಗಡಿಯವನು ಮುಂಬಾಗಿಲು ತೊಳೆದ ನೀರು ಕಲ್ಲುಹಾಸಿನ ಮಧ್ಯೆ ಸಣ್ಣಗೆ ಹರಿದು ಮೂಲೆ ತಿರುಗುತ್ತಿತ್ತು. "ನೋಡು ಮಾರಾಯಾ, ನೀರು ಹೋದ ಕಡೆ ಹೊಳೆ ಇದ್ದೇ ಇರ್ತದೆ. ನಾವು ಬೆಳಿಗ್ಗೆ ಇಡೀ ಇಳೀತಾ ಬಂದದ್ದು ಅಲ್ವಾ? ಹಾಗಾದ್ರೆ ಬಾಗಿಲು ಮೇಲಿದೆ."

ಅಷ್ಟೇ. ಊರು ಒಂದು ಬಟ್ಟಲಿನ ಹಾಗಿದೆ. ಬಾಬ್ ಬೂ ಜಲೂದ್ ಅಂಚಿನಲ್ಲಿ, ದೊಡ್ಡ ಮಸೀದಿ ಮತ್ತು ಹೊಳೆ ತಳದಲ್ಲಿ. ಬಾಗಿಲಿಂದ ಇಳಿಯುವ ಎರಡು ಮುಖ್ಯ ಬೀದಿಗಳ ಹೆಸರು ತಲಾ ಕಬೀರಾ, ತಲಾ ಸಘೀರಾ. ಚಹಾ ಅಂಗಡಿಯವನನ್ನು ಕೇಳಿದೆ, ತಲಾ ಅಂದರೆ ಏರು ಅಂತೆ. ದೊಡ್ಡ ಏರು, ಚಿಕ್ಕ ಏರು! ಉತ್ತರ ಬೀದಿಯ ಹೆಸರಲ್ಲೇ ಇತ್ತು, ನಾನು ಉಪಗ್ರಹವನ್ನು ಕೇಳಿಕೊಂಡು ಕೂತಿದ್ದೆ.

ಆಮೇಲೆ ಭಯ ಹೋಯಿತು. ಇಳಿಯುತ್ತಾ ಹೋದೆವು. ತಳದಲ್ಲಿ ಕರವಿಯ್ಯೀನ್ ಮಸೀದಿ. 859ರಲ್ಲಿ ಫಾತಿಮಾ ಅಲ್ ಫಿಹ್ರಿ ಅನ್ನುವ ಹೆಂಗಸು ತನಗೆ ಬಂದ ಪಿತ್ರಾರ್ಜಿತದ ಹಣದಲ್ಲಿ ಕಟ್ಟಿಸಿದಳು ಅಂತ ಹೇಳುತ್ತಾರೆ. ಅಲ್ಲಿ ಶುರುವಾದ ಪಾಠ ಇವತ್ತಿಗೂ ನಿಂತಿಲ್ಲ, ಈಗ ಅದು ವಿಶ್ವವಿದ್ಯಾಲಯ. ಮುಸ್ಲಿಮರಲ್ಲದವರು ಒಳಗೆ ಹೋಗುವಂತಿಲ್ಲ. ಬಾಗಿಲಲ್ಲಿ ನಿಂತು ಬಿಳಿ ಅಂಗಳ, ಕಾರಂಜಿ, ಹಸಿರು ಹೆಂಚು ನೋಡಬಹುದು. ಅಮ್ಮ ಒಳಗೆ ಹೋಗದಿದ್ದರೂ ಚಪ್ಪಲಿ ಬಿಟ್ಟು ನಿಂತಳು. ಬೇಜಾರಾಯ್ತಾ ಅಂತ ಕೇಳಿದರೆ, "ನಮ್ಮಲ್ಲಿ ಎಷ್ಟು ಜನರನ್ನ ಹೊರಗೆ ನಿಲ್ಲಿಸಿಲ್ಲ" ಅಂದಳು. ನಾನು ಸುಮ್ಮನಾದೆ.

ಮಸೀದಿಗೆ ತಾಗಿಕೊಂಡೇ ಸಫಾರಿನ್ ಚೌಕ, ತಾಮ್ರದ ಕೆಲಸದವರ ಜಾಗ. ಅಲ್ಲಿಗೆ ಹೋಗಲು ಕಣ್ಣು ಬೇಡ, ಕಿವಿ ಸಾಕು. ಠಣ್ ಠಣ್ ಅಂತ ಎರಡು ಗಲ್ಲಿ ಆಚೆಯೇ ಕೇಳುತ್ತದೆ. ಒಂದು ಮರದ ಕೆಳಗೆ ಮದುವೆಮನೆ ಅಡುಗೆಯ ಕೊಳಗದಂಥ ಪಾತ್ರೆಗಳು ಬೋರಲು ಬಿದ್ದಿದ್ದವು. ಮುದುಕರೊಬ್ಬರು ಬೋಗುಣಿಯೊಂದನ್ನು ಎರಡು ಪಾದಗಳ ನಡುವೆ ಇಟ್ಟುಕೊಂಡು, ಸುತ್ತಿಗೆಯಲ್ಲಿ ಒಂದೊಂದೇ ಏಟು ಹಾಕಿ, ಪ್ರತಿ ಏಟಿಗೂ ಪಾತ್ರೆಯನ್ನು ಕಾಲಿಂದಲೇ ಚೂರು ತಿರುಗಿಸುತ್ತಿದ್ದರು. ಏಟಿನ ಗುರುತು ಮೀನಿನ ಹುರುಪೆಯ ಹಾಗೆ ಸಾಲಾಗಿ ಮೂಡುತ್ತಿತ್ತು. ಅಮ್ಮ ಅಲ್ಲೇ ಕುಕ್ಕರಗಾಲಲ್ಲಿ ಕೂತಳು. ಸಿದ್ಧವಾದ ಒಂದು ಪಾತ್ರೆ ಎತ್ತಿ ಒಳಗೆ ಉಗುರಿಂದ ಗೀರಿ, "ಕಲಾಯಿ ಚೆನ್ನಾಗಿದೆ" ಅಂದಳು. ನಮ್ಮೂರಿಗೆ ಕಲಾಯಿಯವನು ಬರುವುದು ನಿಂತು ವರ್ಷಗಳೇ ಆದವು. ಮುದುಕರಿಗೆ ಅವಳ ಉಗುರು ಅರ್ಥವಾಯಿತು. ಇನ್ನೊಂದು ಪಾತ್ರೆ ತೆಗೆದು, ಇದರ ತಳ ದಪ್ಪ ಅಂತ ಬೆರಳಲ್ಲಿ ಬಡಿದು ತೋರಿಸಿದರು. ಇನ್ನೂರೈವತ್ತು ಅಂದದ್ದು ನೂರೆಪ್ಪತ್ತಕ್ಕೆ ಬಂತು, ಇಬ್ಬರೂ ಒಂದೂ ಸಮಾನ ಪದ ಇಲ್ಲದೆ ಅರ್ಧ ಗಂಟೆ ಮಾತಾಡಿದರು. ಹೊರಡುವಾಗ ಪಕ್ಕದ ಹುಡುಗ ನಮ್ಮನ್ನು ನೋಡಿ "ಇಂಡಿಯಾ? ಶಾರುಖ್ ಖಾನ್!" ಅಂದ. ಅಮ್ಮ ನನ್ನ ತಿವಿದು, "ರಾಜ್‌ಕುಮಾರ್ ಗೊತ್ತಾ ಕೇಳು." ಗೊತ್ತಿರಲಿಲ್ಲ, ಪಾಪ.

ಚೌವಾರಾ ಚರ್ಮ ಹದ ಮಾಡುವ ಜಾಗಕ್ಕೆ ಹೋಗದೇ ಬಂದರೆ ಜನ ಬಿಡುವುದಿಲ್ಲ. ಸುತ್ತಲಿನ ಚಪ್ಪಲಿ ಅಂಗಡಿಗಳ ಮಾಳಿಗೆ ಹತ್ತಿ ನೋಡಬೇಕು, ಹತ್ತುವಾಗ ಮೂಗಿಗೆ ಹಿಡಿಯಲು ಪುದೀನ ಕೊಡುತ್ತಾರೆ. ಕೆಳಗೆ ಜೇನುಗೂಡಿನಂತೆ ಕಲ್ಲಿನ ತೊಟ್ಟಿಗಳು. ಬಿಳಿ ತೊಟ್ಟಿಯಲ್ಲಿ ಸುಣ್ಣ ಮತ್ತು ಪಾರಿವಾಳದ ಹಿಕ್ಕೆ, ಅದು ಚರ್ಮವನ್ನು ಮೆತ್ತಗೆ ಮಾಡುತ್ತದೆ. ಆಚೆಯವು ಬಣ್ಣದವು. ತೊಡೆಮಟ್ಟ ಇಳಿದು ಚರ್ಮ ತುಳಿಯುತ್ತಿದ್ದವರನ್ನು ಮೇಲಿಂದ ಐವತ್ತು ಕ್ಯಾಮೆರಾ ಹೊಡೆಯುತ್ತಿದ್ದವು, ನನ್ನದೂ ಸೇರಿ. ಎರಡು ಫೋಟೊ ಆದ ಮೇಲೆ ಮನಸ್ಸಾಗಲಿಲ್ಲ, ಇಳಿದೆವು.

ಊಟಕ್ಕೆ ಕಷ್ಟ ಆಗಬಹುದು ಅಂತ ಚಟ್ನಿಪುಡಿ, ಅವಲಕ್ಕಿ ಎಲ್ಲ ಕಟ್ಟಿಕೊಂಡು ಹೋಗಿದ್ದೆವು. ಬೇಕಾಗಲಿಲ್ಲ. ಬೆಳಿಗ್ಗೆ ಬಿಸ್ಸಾರ ಅಂತ ಒಣ ಬೀನ್ಸ್ ಕಾಳಿನ ಗಟ್ಟಿ ಸಾರು, ಮೇಲೆ ಆಲಿವ್ ಎಣ್ಣೆ, ಜೀರಿಗೆ ಪುಡಿ. ಜಾಲೂಕ್ ಅನ್ನುವುದು ಹೆಚ್ಚು ಕಮ್ಮಿ ನಮ್ಮ ಸುಟ್ಟ ಬದನೆಕಾಯಿ ಗೊಜ್ಜು, ಹುಳಿ ಟೊಮೆಟೊದ್ದು. ಬಗ್ರೀರ್ ಬಂದ ದಿನವಂತೂ ಅಮ್ಮ ಅಂಗಡಿ ಒಲೆ ಬಿಟ್ಟು ಕದಲಲಿಲ್ಲ. ರವೆ ಹಿಟ್ಟು ಹುಯ್ದು ಒಂದೇ ಕಡೆ ಬೇಯಿಸುತ್ತಾರೆ, ಮೇಲೆಲ್ಲ ತೂತು ತೂತು, ಥೇಟ್ ಸೆಟ್ ದೋಸೆ. ಆದರೆ ಜೇನು, ಬೆಣ್ಣೆ ಹಾಕಿ ಕೊಟ್ಟರು. "ಚಟ್ನಿ ಇಲ್ದೆ ದೋಸೆನಾ" ಅಂತ ಗೊಣಗಿದಳು, ಮೂರು ತಿಂದಳು.

ಕೊನೇ ಸಂಜೆ ಗಲ್ಲಿ ಮೂಲೆಯ ಒಲೆಮನೆ ಹತ್ತಿರ ನಿಂತಿದ್ದೆವು. ಮನೆಗಳಲ್ಲಿ ನಾದಿದ ಹಿಟ್ಟನ್ನು ಮಕ್ಕಳು ಹಲಗೆ ಮೇಲೆ ಬಟ್ಟೆ ಮುಚ್ಚಿ ತರುತ್ತಾರೆ, ಒಲೆಯವನು ಉದ್ದನೆ ಮರದ ಸಲಿಕೆಯಲ್ಲಿ ಒಳಗೆ ತಳ್ಳುತ್ತಾನೆ. ಯಾವ ರೊಟ್ಟಿ ಯಾರ ಮನೆಯದು ಅಂತ ಅವನಿಗೆ ನೆನಪಿರುತ್ತದಂತೆ. ಆಗ ಸೂಟ್‌ಕೇಸ್ ಎಳೆದುಕೊಂಡು ಗಂಡ ಹೆಂಡತಿ ಇಬ್ಬರು ಬಂದರು. ಯುರೋಪಿನವರಿರಬೇಕು. ಮುಖ ಬೆವೆತಿತ್ತು, ಕೈಯಲ್ಲಿ ಫೋನು. "ಬೂ ಜಲೂದ್?" ಅಂದರು. ನಾನು ಬಾಯಿ ತೆರೆಯುವುದರೊಳಗೆ ಅಮ್ಮ ಕೈಯೆತ್ತಿ ದಿಣ್ಣೆ ತೋರಿಸಿದಳು. "ಮೇಲೆ ಹೋಗಿ, ಹತ್ತುತ್ತಾ ಹೋಗಿ. ಅದನ್ನ ನೋಡ್ಬೇಡಿ" ಅಂತ ಫೋನಿನ ಕಡೆ ಕೈಯಾಡಿಸಿದಳು.

ಅವರು ಹೊರಟರು. ಹಿಂದಿಂದ ತಳ್ಳುಗಾಡಿಯವನೊಬ್ಬ ಬಾಲಕ್ ಅಂತ ಕೂಗಿದ, ಅಮ್ಮ ತಿರುಗಿ ನೋಡದೆ ಗೋಡೆಗೆ ಒರಗಿಕೊಂಡಳು.