ಗಿಡ್ಡ ಬಾಗಿಲು, ಬಿಳಿ ಗೋಡೆ

ನಾಲ್ಕು ತಿಂಗಳು ಆ ಜೋಡಿ ಬಾಗಿಲು ನಮ್ಮ ಹಾಲ್‌ನಲ್ಲಿ ಗೋಡೆಗೆ ಒರಗಿಕೊಂಡು ನಿಂತಿತ್ತು. ಹಲಸಿನ ಮರದ್ದು. ಹಿತ್ತಾಳೆ ಗುಬ್ಬಿ, ಕಬ್ಬಿಣದ ಸರಪಳಿ ಚಿಲಕ, ಒಳಗಡೆ ಮರದ ಅಗಳಿ, ಎಲ್ಲ ಇದೆ. ಎತ್ತರ ಮಾತ್ರ ಐದು ಅಡಿ ನಾಲ್ಕು ಇಂಚು. ನಮ್ಮ ಬೆಂಗಳೂರಿನ ಫ್ಲ್ಯಾಟಿನಲ್ಲಿ ಬಾಗಿಲುಗಳೆಲ್ಲ ಏಳು ಅಡಿ. ಕೊಳ್ಳುವ ಮೊದಲು ಅಳತೆ ತೆಗೆಯಬೇಕು ಅನ್ನುವುದು ಮಗುವಿಗೂ ಗೊತ್ತಿರುವ ವಿಷಯ. ಆದರೆ ಹಳೆ ಮರದ ಅಡ್ಡೆಯಲ್ಲಿ, ಮುರಿದ ಕಿಟಕಿಗಳ ರಾಶಿ ಹಿಂದೆ ಅದು ಕಣ್ಣಿಗೆ ಬಿದ್ದಾಗ ಟೇಪು ಕಾರಿನಲ್ಲಿತ್ತು, ನನ್ನ ಬುದ್ಧಿಯೂ ಅಲ್ಲೇ ಉಳಿದಿತ್ತು ಅಂತ ಕಾಣುತ್ತದೆ. ಹದಿನಾಲ್ಕು ಸಾವಿರ ಕೊಟ್ಟು ತಂದೆ.

ಹಳೆ ಮನೆಗಳಲ್ಲಿ ಬಾಗಿಲು ಗಿಡ್ಡ, ಹೊಸ್ತಿಲು ಎತ್ತರ. ತಲೆ ಬಗ್ಗಿಸಿ, ಕಾಲೆತ್ತಿ ಒಳಗೆ ಹೋಗಬೇಕು. ತೀರ್ಥಹಳ್ಳಿ ಹತ್ತಿರದ ಅಜ್ಜನ ಮನೆಯಲ್ಲಿ ಎಷ್ಟು ಸಲ ಹಣೆ ಜಜ್ಜಿಕೊಂಡಿದ್ದೇನೋ ಲೆಕ್ಕವಿಲ್ಲ. ಅದು ನೆನಪಿದ್ದೂ ಹೀಗಾಯಿತು. ಗಂಡ ಏನೂ ಹೇಳಲಿಲ್ಲ. ಏನೂ ಹೇಳದೆ ದಿನಾ ಅದರ ಪಕ್ಕ ಓರೆಯಾಗಿ ನುಸುಳಿ ಅಡುಗೆಮನೆಗೆ ಹೋಗುತ್ತಿದ್ದರು, ಅದೇ ಸಾಕಾಗಿತ್ತು.

ಮೂರು ವರ್ಷದ ಹಿಂದೆ ಈ ಫ್ಲ್ಯಾಟಿಗೆ ಬಂದಾಗ ಹಾಲ್‌ನ ಒಂದು ಗೋಡೆ ನೇರಳೆ. ಟಿವಿ ಯೂನಿಟ್ಟು ಫಳಫಳ ಕೆಂಪು ಲ್ಯಾಮಿನೇಟು. ಸೀಲಿಂಗಿನಲ್ಲಿ ನೀಲಿ ದೀಪ. ಹಿಂದಿನವರ ರುಚಿ, ಅವರ ಇಷ್ಟ, ನಾನೇನೂ ಹೇಳುವುದಿಲ್ಲ. ಆದರೆ ಆಫೀಸು ಮುಗಿಸಿ, ಟ್ರಾಫಿಕ್ಕು ಮುಗಿಸಿ ಒಳಗೆ ಬಂದರೆ ಮನೆಯೂ ಹಾರ್ನ್ ಹೊಡೆದ ಹಾಗೆ ಆಗುತ್ತಿತ್ತು. ನನಗೆ ಸುಮ್ಮನಿರುವ ಮನೆ ಬೇಕಿತ್ತು. ಮತ್ತೆ ಹೊಸ ಫರ್ನಿಚರ್‌ಗೆ ದುಡ್ಡು ಸುರಿಯುವುದು ಬೇಡ, ಹಳೆಯದರಲ್ಲೇ ಆಗಲಿ ಅಂತ ಹಟ.

ಮೊದಲು ಗೋಡೆ. ಫೋನಿನಲ್ಲಿ ನೋಡಿ ನೋಡಿ ಬೀಜ್, ಗ್ರೇಜ್ ಅಂತ ಏನೇನೋ ಆರಿಸಿದ್ದೆ. ಆರು ಕಡೆ ಒಂದೊಂದು ಚೌಕ ಬಳಿಸಿ ನೋಡಿದರೆ ಎಲ್ಲವೂ ಆಸ್ಪತ್ರೆ ಕಾರಿಡಾರಿನ ಹಾಗೆ. ಆಮೇಲೆ ಹೊಳೆಯಿತು, ಅಜ್ಜನ ಮನೆ ಎಷ್ಟು ತಣ್ಣಗಿತ್ತು ಅಲ್ವಾ, ಅಲ್ಲಿ ಯಾರು ಬಣ್ಣ ಆರಿಸಿದ್ದರು? ಸುಣ್ಣ, ಕಾವಿ, ಎಣ್ಣೆ ಕುಡಿದ ಮರ, ಅಷ್ಟೇ. ಸುಣ್ಣವನ್ನೇ ಬಳಿಸೋಣ ಅಂದೆ. ಪ್ಲಾಸ್ಟಿಕ್ ಎಮಲ್ಷನ್ ಮೇಲೆ ಸುಣ್ಣ ಕೂರುವುದಿಲ್ಲ, ಹೊಪ್ಪಳಿಕೆ ಏಳುತ್ತದೆ, ಹಳೆ ಪೇಂಟ್ ಪೂರ್ತಿ ಕೆರೆಯಬೇಕು ಅಂದರು ಪೇಂಟರ್. ಅಷ್ಟು ಶಕ್ತಿ ಇರಲಿಲ್ಲ. ಸುಣ್ಣದ ಬಿಳಿಗೆ ಹತ್ತಿರವಾದ, ಹೊಳಪಿಲ್ಲದ ಬಿಳಿ ಬಣ್ಣ ಹೊಡೆಸಿದೆ. ಮುಗಿದ ಮೇಲೆ ಪೇಂಟರ್ ಕೈಕಟ್ಟಿ ನಿಂತು, "ಮೇಡಂ, ಪ್ರೈಮರ್ ಹೊಡೆದು ಅರ್ಧಕ್ಕೆ ಬಿಟ್ಟ ಹಾಗಿದೆ, ಒಂದು ಹೈಲೈಟ್ ಗೋಡೆನಾದ್ರೂ ಮಾಡಿಸಿ" ಅಂದರು. ನನಗೆ ಅದೇ ಬೇಕಿತ್ತು ಅಂತ ಅವರಿಗೆ ಹೇಗೆ ಹೇಳಲಿ.

ಹಳೆ ಸಾಮಾನಿಗೆ ಇಂಥ ಗೋಡೆಯೇ ಬೇಕು. ನೂರು ಕಡೆ ಗೀಚು, ಎಣ್ಣೆ ಜಿಡ್ಡು, ಉಳಿಯ ಗುರುತು ಇರುವ ಮರದಲ್ಲಿ ನೋಡುವುದಕ್ಕೆ ಬೇಕಾದಷ್ಟಿರುತ್ತದೆ. ಗೋಡೆಯೂ ಮಾತಾಡಿದರೆ ಎರಡೂ ಕೇಳಿಸುವುದಿಲ್ಲ. ಆದರೆ ಶುರುವಿನಲ್ಲಿ ನಾನು ಮಾಡಿದ ತಪ್ಪು ಇನ್ನೊಂದು. ಹಳೆಯದು ಅಂತ ಕಂಡದ್ದೆಲ್ಲ ತಂದೆ. ಶಿವಾಜಿನಗರದ ಗುಜರಿಯಿಂದ ಲಾಟೀನು, ಬಿವಿಕೆ ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನಿಂದ ಪಿಂಗಾಣಿ ಫ್ಯೂಸು, ಬೇಕಲೈಟ್ ಸ್ವಿಚ್ಚು, ಮುಳ್ಳಿಲ್ಲದ ಗಡಿಯಾರ. ಒಂದು ವರ್ಷದಲ್ಲಿ ಮನೆ ಗುಜರಿ ಅಂಗಡಿಯೇ ಆಯಿತು. ಬಿಳಿ ಗೋಡೆಯ ಗುಜರಿ ಅಂಗಡಿ.

ಆಗ ಮಣಿಪಾಲಕ್ಕೆ ಹೋಗಿದ್ದೆವು. ಅಲ್ಲಿನ ಹಸ್ತಶಿಲ್ಪ ಹೆರಿಟೇಜ್ ವಿಲೇಜ್, ಹಳೆ ಮನೆಗಳದ್ದೇ ಮ್ಯೂಸಿಯಂ, ನೋಡಿದವರಿಗೆ ಗೊತ್ತು. ಅದನ್ನು ಕಟ್ಟಿದ ವಿಜಯನಾಥ ಶೆಣೈ ಮೊದಲು ಬಿಚ್ಚಿದ ಮನೆಗಳ ಕಂಬ, ಬಾಗಿಲು, ತೊಲೆಗಳಿಂದ ತಮ್ಮದೇ ಮನೆ ಕಟ್ಟಿಕೊಂಡರು, ಆಮೇಲೆ ಇಡೀ ಇಡೀ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಕುಕನೂರಿನ ಕಮಲ ಮಹಲ್, ಮುಧೋಳದ ಅರಮನೆಯ ದರ್ಬಾರ್ ಹಾಲ್, ಎಲ್ಲ ಅಲ್ಲಿವೆ. ನನಗೆ ಕಂಡದ್ದು ಒಂದೇ ವಿಷಯ. ಅಲ್ಲಿ ಕಂಬ ಸೂರು ಹೊತ್ತು ನಿಂತಿದೆ. ನಮ್ಮ ಊರಿನ ಶೋರೂಮುಗಳಲ್ಲಿ ಕಂಬದ ಮೇಲೆ ಒಂದು ಹೂದಾನಿ ಇರುತ್ತದೆ.

ಊರಿಗೆ ವಾಪಸ್ ಬಂದು ಒಂದು ನಿಯಮ ಮಾಡಿದೆ. ಮನೆಗೆ ಬಂದ ಹಳೆ ವಸ್ತುವಿಗೆ ಕೆಲಸ ಇರಬೇಕು, ಆದಷ್ಟು ಅದರ ಹಳೆ ಕೆಲಸವೇ. ಕೆಲಸ ಇಲ್ಲದ್ದು ವಾಪಸ್ ಹೋಗಲಿ. ಲಾಟೀನು, ಗಡಿಯಾರ ಎಲ್ಲ ಹೋದವು. ಹಳೆ ಸ್ವಿಚ್ಚುಗಳಲ್ಲಿ ಕರೆಂಟು ಹರಿಸುವ ಧೈರ್ಯ ನನಗಿಲ್ಲ, ಅವೂ ಹೋದವು. ಎತ್ತಿನಗಾಡಿ ಚಕ್ರವನ್ನು ಸೀಲಿಂಗಿಗೆ ನೇತುಹಾಕಿ ಬಲ್ಬು ಸಿಕ್ಕಿಸುವುದು, ಒರಳುಕಲ್ಲು ಕವುಚಿ ಹಾಕಿ ಸ್ಟೂಲು ಮಾಡುವುದು, ಬಾಗಿಲು ಮಲಗಿಸಿ ಮೇಲೆ ಗಾಜಿಟ್ಟು ಊಟದ ಟೇಬಲ್ಲು ಮಾಡುವುದು, ಇದೆಲ್ಲ ನೋಡಿದರೆ ನನಗೆ ಸ್ವಲ್ಪ ಸಂಕಟ. ನಿಮ್ಮ ಮನೆಯಲ್ಲಿದ್ದರೆ ಬೇಜಾರಾಗಬೇಡಿ. ಗಾಜಿನ ಕೆಳಗೆ ಅನ್ನದ ಅಗುಳು ಸಿಕ್ಕಿಕೊಳ್ಳುತ್ತದೆ ಅನ್ನುವುದನ್ನಾದರೂ ಒಪ್ಪಿಕೊಳ್ಳಿ.

ಈಗ ಹಿಟ್ಟಿನ ಕಥೆ. ಒಂದು ಹಳೆ ಮಂಚ ತಂದಿದ್ದೆ, ಮಾರಿದವರು ಪೂರಾ ಸಾಗುವಾನಿ ಅಂದಿದ್ದರು. ಒಂದು ವಾರ ಆಗಿರಬಹುದು, ಬೆಳಿಗ್ಗೆ ಗುಡಿಸುವಾಗ ಕಾಲಿನ ಬುಡದಲ್ಲಿ ಪುಟಾಣಿ ಹಿಟ್ಟಿನ ಬಣ್ಣದ ಸಣ್ಣ ಗುಡ್ಡೆ. ಮಗಳು ಉಂಡೆ ತಿಂದು ಚೆಲ್ಲಿದ್ದಾಳೆ ಅಂತ ಬೈದೆ. ಮರುದಿನವೂ ಇತ್ತು, ಮತ್ತೆ ಬೈದೆ. ಮೂರನೇ ದಿನ ಅವಳೇ ನೆಲಕ್ಕೆ ಕೂತು ನೋಡಿ, "ಅಮ್ಮ, ಮಂಚದಲ್ಲಿ ತೂತಿದೆ" ಅಂದಳು. ಗುಂಡುಸೂಜಿ ಚುಚ್ಚಿದಂಥ ತೂತುಗಳು, ಒಂದು ಹತ್ತು. ಕುಟ್ಟೆ ಹುಳ. ನೋಡುತ್ತಿದ್ದ ಹಾಗೆಯೇ ಒಂದು ತೂತಿನಿಂದ ಹಿಟ್ಟು ಸಣ್ಣಗೆ ಉದುರಿತು.

ಆಮೇಲೆ ಬಡಗಿಯಿಂದ ಕಲಿತದ್ದು. ಮರದ ನಡುವಿನ ಗಟ್ಟಿ ಭಾಗ, ಚೇಗು ಅಂತಾರಲ್ಲ, ಅದಕ್ಕೆ ಈ ಹುಳ ಹೋಗುವುದು ಕಡಿಮೆ. ಸುತ್ತಲಿನ ಬೆಳ್ಳಗಿನ ಎಳೆ ಮರ ಅದಕ್ಕೆ ಹಬ್ಬದೂಟ. ಸಾಗುವಾನಿಯೇ ಆದರೂ ಬಿಳಿ ಭಾಗ ಉಳಿಸಿಕೊಂಡು ಕೊಯ್ದಿದ್ದರೆ ಅಲ್ಲಿ ತಿನ್ನುತ್ತದೆ. ಹಾಗಾಗಿ ಕೊಳ್ಳುವಾಗ ಮೇಲಿನ ಪಾಲಿಶ್ ನೋಡಬೇಡಿ, ಮಗುಚಿ ಹಾಕಿ ಪಾಲಿಶ್ ಇಲ್ಲದ ಕೆಳಭಾಗ ನೋಡಿ. ತೂತು ಇದ್ದ ಮಾತ್ರಕ್ಕೆ ಬಿಡಬೇಕಾಗಿಲ್ಲ, ಹುಳ ಯಾವತ್ತೋ ಹಾರಿಹೋಗಿರಬಹುದು. ಮುಷ್ಟಿಯಲ್ಲಿ ತಟ್ಟಿ, ತಿಳಿ ಬಣ್ಣದ ಹೊಸ ಹಿಟ್ಟು ಉದುರಿದರೆ ಒಳಗೆ ಸಂಸಾರ ನಡೆದಿದೆ ಅಂತ ಅರ್ಥ. ನಾವು ಮಂಚವನ್ನು ಬಾಲ್ಕನಿಗೆ ಹಾಕಿ, ಸಿರಿಂಜಿನಲ್ಲಿ ಒಂದೊಂದೇ ತೂತಿಗೆ ಔಷಧಿ ಬಿಟ್ಟು, ಮೇಣ ತುಂಬಿ, ಒಂದು ಮಳೆಗಾಲ ಕಾದೆವು. ಮೇಣ ತುಂಬುವುದು ಅಂದಕ್ಕಲ್ಲ. ಆಮೇಲೆ ಕಂಡ ತೂತೆಲ್ಲ ಹೊಸದು ಅಂತ ಗೊತ್ತಾಗಲಿ ಅಂತ. ಎರಡು ಕಂಡವು, ಮತ್ತೆ ಸಿರಿಂಜು. ಈಗ ಅದರ ಮೇಲೆ ಚಳ್ಳಕೆರೆಯ ಕಂಬಳಿ ಹಾಸಿದೆ, ಬಣ್ಣ ಹಾಕದ ಕುರಿಯ ಉಣ್ಣೆ, ಕಪ್ಪೂ ಅಲ್ಲ ಕಂದೂ ಅಲ್ಲ. ನ್ಯೂಟ್ರಲ್ ನ್ಯೂಟ್ರಲ್ ಅಂತ ಅಂಗಡಿಯಲ್ಲಿ ಸಾವಿರಾರು ರೂಪಾಯಿಗೆ ಮಾರುವ ಬಣ್ಣ ಅದೇ. ಚುಚ್ಚುತ್ತದೆ, ಅದು ನಿಜ. ಮೇಲೆ ಒಂದು ಕೌದಿ ಬೇಕು, ಮನೆಯಲ್ಲಿ ಜೋರು ಬಣ್ಣ ಅಂತ ಇರುವುದು ಅದೊಂದೇ.

ಮಕ್ಕಳಿರುವ ಮನೆಯವರು ಇದನ್ನು ಮಾತ್ರ ದಯವಿಟ್ಟು ಕೇಳಿ. ಹಳೆ ಬಣ್ಣ ಹೊಡೆದ ಕಿಟಕಿ, ತೊಟ್ಟಿಲು, ಬೀರು ತಂದರೆ ಅದರಲ್ಲಿ ಸೀಸ ಇದೆ ಅಂತಲೇ ತಿಳಿದುಕೊಳ್ಳಿ. ಮನೆಗೆ ಬಳಸುವ ಪೇಂಟಿನಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 90 ಭಾಗ, ಮೀರಬಾರದು ಅನ್ನುವ ನಿಯಮ ನಮ್ಮಲ್ಲಿ ಬಂದದ್ದೇ 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಹಸಿರು ಎನಾಮಲ್ಲು, ಪದರದ ಮೇಲೆ ಪದರ, ಅದನ್ನು ನಾನು ಬಾಲ್ಕನಿಯಲ್ಲಿ ಕೂತು ಒಣ ಮರಳು ಕಾಗದದಲ್ಲಿ ತಿಕ್ಕುತ್ತಿದ್ದೆ. ನಾಲ್ಕು ವರ್ಷದ ಮಗಳು ಪಕ್ಕದಲ್ಲೇ ಆ ಹಸಿರು ಪುಡಿಯಲ್ಲಿ ಬೆರಳಾಡಿಸಿ ಹೂ ಬರೆಯುತ್ತಿದ್ದಳು. ಅವತ್ತು ರಾತ್ರಿ ಓದಿ ಗೊತ್ತಾದಾಗ ಎದೆ ಧಸಕ್ಕೆಂದಿತು. ಸೀಸ ಮಕ್ಕಳ ಮಿದುಳಿಗೇ ಕೈಹಾಕುತ್ತದೆ, ಪುಡಿಯಾಗಿ ಬಾಯಿಗೆ ಹೋದರೆ ಸಾಕು. ರಕ್ತ ಪರೀಕ್ಷೆ ಮಾಡಿಸಿದೆವು, ಏನೂ ಇರಲಿಲ್ಲ, ಸದ್ಯ. ಈಗ ಬಣ್ಣದ ಸಾಮಾನು ತಂದರೆ ಮನೆಯೊಳಗೆ ಕೆರೆಯುವ ಮಾತೇ ಇಲ್ಲ. ಹೊರಗಡೆಯೇ, ಒದ್ದೆ ಮಾಡಿ, ಗೊತ್ತಿದ್ದವರು ತೆಗೆಯಬೇಕು. ಅಥವಾ ನಾನು ಮುಟ್ಟುವುದಿಲ್ಲ, ಬರೀ ಮರದ್ದೇ ಹುಡುಕುತ್ತೇನೆ.

ಇನ್ನು ಕೆಲವು ಕೊಳ್ಳುವುದೇ ಇಲ್ಲ. ದೇವಸ್ಥಾನದಿಂದ ಬಂದದ್ದು ಅನ್ನುವ ಏನೇ ಇರಲಿ, ವಿಗ್ರಹ, ಭೂತದ ಮುಖ, ಬೇಡ. ನೂರು ವರ್ಷ ದಾಟಿದ ಶಿಲ್ಪಕ್ಕೆ 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ನೋಂದಣಿ ಬೇಕು, ಅದು ಒಂದು ಕಡೆಗಿರಲಿ, ಯಾವುದಕ್ಕೆ ಜನ ಕೈಮುಗಿಯುತ್ತಿದ್ದರೋ ಅದರ ಕೆಳಗೆ ನಾನು ಟಿವಿ ರಿಮೋಟು ಇಡಲಾರೆ. ಬೀಟೆ ತೊಲೆಯನ್ನೂ ಕಾಗದಪತ್ರ ಇಲ್ಲದೆ ಮುಟ್ಟುವುದಿಲ್ಲ. ಮತ್ತೆ "1865ರ ಹೆಂಚು ಮೇಡಂ" ಅಂತ ಜಾಸ್ತಿ ರೇಟು ಹೇಳುವವರಿಗೆ ಒಂದು ನಗು ಕೊಟ್ಟು ಮುಂದೆ ಹೋಗುತ್ತೇನೆ. ಕ್ರೈಸ್ತ ಮಿಷನರಿಗಳ ಸಂಸ್ಥೆ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ ಅದು. ಆ ವರ್ಷವನ್ನು ಹೆಂಚಿನ ಮೇಲೆ ಒತ್ತುತ್ತಿದ್ದರು, ಅಂದ ಮಾತ್ರಕ್ಕೆ ಕೈಯಲ್ಲಿರುವ ಹೆಂಚು ಅವತ್ತೇ ಸುಟ್ಟದ್ದಲ್ಲ.

ಬೆತ್ತದ ಕುರ್ಚಿಯ ಬಗ್ಗೆ ಎರಡು ಮಾತು. ಕಾಫಿ ತೋಟದ ಬಂಗಲೆಗಳಲ್ಲಿ ಇರುತ್ತದಲ್ಲ, ಕಾಲು ಚಾಚುವುದಕ್ಕೆ ಕೈ ಉದ್ದ ಇರುವಂಥದ್ದು. ಬೆತ್ತ ಹರಿದು ಜೋತುಬಿದ್ದಿತ್ತು. ಹೆಣೆದುಕೊಟ್ಟ ಅಜ್ಜನಿಗೆ ಕಣ್ಣು ಕಾಣುವುದಿಲ್ಲ. ನೀರಲ್ಲಿ ನೆನೆಸಿದ ಬೆತ್ತದ ಎಳೆಯನ್ನು ಹೆಬ್ಬೆರಳಲ್ಲಿ ಸವರಿ ಹೊಳಪಿನ ಮಗ್ಗುಲು ಯಾವುದು ಅಂತ ತಿಳಿದು, ತೂತು ಎಣಿಸಿಕೊಂಡು, ನೇರಕ್ಕೆ, ಅಡ್ಡಕ್ಕೆ, ಆಮೇಲೆ ಓರೆಗೆ. ಎರಡು ದಿನ ಹಿಡಿಯಿತು. ಹೋಗುವಾಗ ಹೇಳಿದರು, ಮುಂದೆ ಯಾವತ್ತಾದರೂ ಸಡಿಲ ಆದರೆ ಕುರ್ಚಿ ಕವುಚಿ ಹಾಕಿ, ಕೆಳಗಿನಿಂದ ಒದ್ದೆ ಬಟ್ಟೆ ಒತ್ತಿ, ನೆರಳಲ್ಲಿ ಒಣಗಿಸಿ, ಬಿಗಿಯಾಗುತ್ತದೆ. ಮೇಲಿನಿಂದ ಒದ್ದೆ ಮಾಡಿ ಪ್ರಯೋಜನವಿಲ್ಲ, ಹೊಳಪಿನ ಮಗ್ಗುಲು ನೀರು ಕುಡಿಯುವುದಿಲ್ಲ. ಹೋದ ಬೇಸಿಗೆಯಲ್ಲಿ ಮಾಡಿ ನೋಡಿದೆ. ಬೆರಳಲ್ಲಿ ಮೀಟಿದರೆ ತಮಟೆ ಥರ.

ಬಾಗಿಲು ಎಲ್ಲಿಗೆ ಬಂತು ಅಂತ ಕೇಳುತ್ತೀರಿ. ಮೇಲೊಂದು ತುಂಡು ಸೇರಿಸಿ ಏಳು ಅಡಿ ಮಾಡಿಕೊಡಿ ಅಂತ ಬಡಗಿಯನ್ನು ಕರೆದಿದ್ದೆ. ಅವರು ಬಾಗಿಲನ್ನು ಸುತ್ತ ನೋಡಿ, ಮೂಲೆಯಲ್ಲಿ ಮೇಲೂ ಕೆಳಗೂ ಚಾಚಿದ್ದ ಮರದ ಗೂಟ ಮುಟ್ಟಿ, "ಇದಕ್ಕೆ ಹಿಂಜೇ ಇಲ್ಲ, ತಿರುಗಣಿ ಮೇಲೆ ತಿರುಗಿದ ಬಾಗಿಲು, ಮನೆಗೆ ತಕ್ಕ ಹಾಗೆ ಬಾಗಿಲು ಎಳೀಬೇಡಿ, ಬಾಗಿಲಿಗೆ ತಕ್ಕ ಹಾಗೆ ಏನಾದ್ರೂ ಕಟ್ಟೋಣ" ಅಂದರು. ಹಾಲ್‌ನ ಒಂದು ಮೂಲೆಯಲ್ಲಿ ಗೋಡೆ ಒಳಗೆ ಹೋಗಿ ಒಂದು ಗೂಡಿನಂಥ ಜಾಗ ಇತ್ತು, ಶೂ ರ‍್ಯಾಕ್ ಇಡುತ್ತಿದ್ದೆವು. ಅಲ್ಲಿಗೆ ಹಳೆ ಜಂತೆಯಿಂದ ದಾರಂದ ಮಾಡಿ, ಮೇಲೆ ಕೆಳಗೆ ಕುಳಿ ತೋಡಿ, ಕೆಳಗಿನ ಕುಳಿಗೆ ಎರಡು ಹನಿ ಹರಳೆಣ್ಣೆ ಬಿಟ್ಟು ಬಾಗಿಲು ಕೂರಿಸಿದರು. ಒಳಗೆ ಪುಸ್ತಕ, ಹಾಸಿಗೆ ಬಟ್ಟೆ, ಮಗಳ ಆಟದ ಸಾಮಾನು. ಬಾಗಿಲು ಹಾಕಿದರೆ ಮನೆಯ ಅರ್ಧ ಗಲಾಟೆ ಒಳಗೆ. ಪ್ರತಿ ಸಲ ತೆಗೆದಾಗ ಕಿರ್ ಅನ್ನುತ್ತದೆ. ಎಣ್ಣೆ ಬಿಡೋಣ ಅಂದರೆ ಮಗಳು ಬಿಡುವುದಿಲ್ಲ.

ಇದೆಲ್ಲ ಅಮ್ಮನಿಗೆ ಇಷ್ಟವಿರಲಿಲ್ಲ. ಹೋದ ವರ್ಷ ನಮ್ಮ ಜೊತೆ ಇರುವುದಕ್ಕೆ ಬಂದವರು ಹೊಸ್ತಿಲಲ್ಲೇ ನಿಂತು, "ಯಾರ ಮನೆ ಮುರಿದ ಸಾಮಾನೋ ಏನೋ" ಅಂದರು. ಮೂಢನಂಬಿಕೆ ಅಂತ ನಾನು ವಾದಕ್ಕೆ ಹೋದೆ. ಅಜ್ಜನ ಮನೆ ಬಿಚ್ಚಿದಾಗ ನಾನು ಹಾಸ್ಟೆಲ್‌ನಲ್ಲಿದ್ದೆ. ಅಮ್ಮ ಅಲ್ಲೇ ಇದ್ದರು. ಕಂಬ, ತೊಲೆ, ಜಂತೆ ಎಲ್ಲ ಅಂಗಳದಲ್ಲಿ ಸಾಲಾಗಿ ಮಲಗಿಸಿ ಘನ ಅಡಿ ಲೆಕ್ಕದಲ್ಲಿ ಬರೆದುಕೊಂಡರಂತೆ, ದೇವರ ಕೋಣೆ ಬಾಗಿಲನ್ನೂ ಅದೇ ಲೆಕ್ಕದಲ್ಲಿ. ಲಾರಿ ಯಾವ ಊರಿಗೆ ಹೋಯಿತು ಅಂತ ಯಾರೂ ಕೇಳಲಿಲ್ಲ. ಇದನ್ನು ಅಮ್ಮ ಹೇಳಿದ್ದು ನಾನು ವಾದ ಮಾಡಿ ಮುಗಿಸಿದ ಮೇಲೆ. ಆಮೇಲೆ ನನಗೆ ಹೇಳುವುದಕ್ಕೆ ಏನೂ ಇರಲಿಲ್ಲ.

ಬಾಗಿಲು ಕೂರಿಸಿದ ಒಂದು ತಿಂಗಳಿಗೆ ಅಮ್ಮ ತಮ್ಮ ಟ್ರಂಕಿನಿಂದ ಹಳೆ ಸೀರೆಯಲ್ಲಿ ಸುತ್ತಿದ ಗಂಟು ತೆಗೆದರು. ಅಜ್ಜನ ಮನೆಯಲ್ಲಿ ಅಕ್ಕಿ ಅಳೆಯುತ್ತಿದ್ದ ಸೇರು, ಪಾವು. ಆ ಮನೆಯಿಂದ ನಮ್ಮ ಪಾಲಿಗೆ ಉಳಿದದ್ದು ಅಷ್ಟೇ. "ಶೋಕೇಸಲ್ಲಿ ಇಟ್ಟರೆ ವಾಪಸ್ ತಗೋತೀನಿ" ಅಂದರು. ಶೋಕೇಸ್ ಎಲ್ಲಿದೆ ನಮ್ಮ ಮನೆಯಲ್ಲಿ. ಈಗ ಪಾವು ಅಕ್ಕಿ ಡಬ್ಬಿಯಲ್ಲಿದೆ, ಬಾಯಂಚು ಒಂದು ಕಡೆ ಸ್ವಲ್ಪ ನಗ್ಗಿದೆ. ನಾಲ್ಕು ಜನಕ್ಕೆ ಒಂದೂವರೆ ಪಾವು ಸರಿಹೋಗುತ್ತದೆ. ಸೇರಿಗೆ ಇನ್ನೂ ಕೆಲಸ ಸಿಕ್ಕಿಲ್ಲ, ಅಷ್ಟು ಅಕ್ಕಿ ಹಾಕುವಷ್ಟು ಜನ ಬಂದಿಲ್ಲ. ಯುಗಾದಿಗೆ ಅತ್ತಿಗೆಯವರೆಲ್ಲ ಬರುತ್ತೇವೆ ಅಂದಿದ್ದಾರೆ, ಅವತ್ತಿಗೆ ಅಂತ ಅಮ್ಮ ಹುಣಸೆಹಣ್ಣು ಹಾಕಿ ತಿಕ್ಕಿ ಇಟ್ಟಿದ್ದಾರೆ.