ಗೋಡೆಯ ಕಡೆಯ ಪೆಟ್ಟಿಗೆ

ಪುಣೆಯ ಭೋಸರಿಯಲ್ಲಿರುವ ನಮ್ಮ ಕಾರ್ಖಾನೆಯಲ್ಲಿ ಎರಕದ ಬಿಡಿಭಾಗಗಳ ಪೆಟ್ಟಿಗೆಗಳನ್ನು ಕೈಯಿಂದಲೇ ಎತ್ತಿ ಮೇಜಿಗೆ ಇಡುತ್ತಾರೆ. ಈ ಕೆಲಸದಲ್ಲಿ ಬೆನ್ನಿಗೆ ಪೆಟ್ಟಾಗುವ ಸಂಭವ ಎಷ್ಟೆಂದು ಅಳೆದು ವರದಿ ಕೊಡುವ ಹೊಣೆ ಈ ವಾರ ಸುರಕ್ಷತಾ ಅಧಿಕಾರಿಯಾದ ನನ್ನ ಪಾಲಿಗೆ ಬಂತು. ಪೆಟ್ಟಿಗೆಯ ತೂಕ 16 ಕೆಜಿ. ಅದನ್ನು ಅಳೆಯುವುದೇನಿದೆ ಎಂದು ಸೂಪರ್‌ವೈಸರ್ ನಕ್ಕರು. ಅವರು ಕೆಟ್ಟವರಲ್ಲ, ಆದರೆ 'ಮೊಣಕಾಲು ಬಗ್ಗಿಸಿ ಎತ್ತಿರಿ' ಎಂಬ ಪೋಸ್ಟರ್ ಅಂಟಿಸಿ, ಸೊಂಟಕ್ಕೊಂದು ಬೆಲ್ಟ್ ಕೊಡಿಸಿದರೆ ತಮ್ಮ ಜವಾಬ್ದಾರಿ ತೀರಿತೆಂದು ನಂಬಿದವರು. ಆ ಬೆಲ್ಟು ಗಾಯವನ್ನು ತಡೆಯುತ್ತದೆ ಎನ್ನಲು ಸಾಕಷ್ಟು ಆಧಾರವಿಲ್ಲವೆಂದು ಕೆಲಸದ ಜಾಗದ ಸುರಕ್ಷತೆಯನ್ನು ಅಧ್ಯಯನ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆ 1994ರಲ್ಲಿಯೇ ಹೇಳಿದೆ.

ಎತ್ತುತ್ತಿದ್ದವನು ಗುತ್ತಿಗೆದಾರನ ಕಡೆಯಿಂದ ಬಂದ ಆಳಂದದ ಹುಡುಗ. ನನ್ನ ಕೈಯಲ್ಲಿದ್ದ ಟೇಪನ್ನು ಸ್ವಲ್ಪ ಹೊತ್ತು ನೋಡಿ, "ಪೆಟ್ಟಿಗಿ ಹಗುರ ಅದರೀ ಸಾಹೇಬ್ರ. ಆದ್ರ ದೂರ ಅದ" ಎಂದ.

ಪೆಟ್ಟಿಗೆಗಳನ್ನು ಜೋಡಿಸಿಟ್ಟ ಅಡಿಹಲಗೆಯನ್ನು, ಅಂದರೆ ಪ್ಯಾಲೆಟ್ಟನ್ನು, ಗೋಡೆಗೆ ಒತ್ತಿ ಇಟ್ಟಿದ್ದರಿಂದ ಆಚೆ ಬದಿಯ ಪೆಟ್ಟಿಗೆಗೆ ಸುತ್ತಿ ಹೋಗಲು ದಾರಿಯಿರಲಿಲ್ಲ. ಅವನು ನಿಂತಲ್ಲಿಂದಲೇ ಬಾಗಿ, ಕೈಚಾಚಿ, ಪೆಟ್ಟಿಗೆಯನ್ನು ತನ್ನತ್ತ ಎಳೆದುಕೊಂಡು ಎತ್ತಬೇಕಿತ್ತು. ಎಷ್ಟು ಭಾರ ಎತ್ತಬಹುದೆಂದು ಲೆಕ್ಕ ಹಾಕುವ ನಿಯೋಶ್‌ನ ಸೂತ್ರವೂ ಹೇಳುವುದು ಇದನ್ನೇ. ಎಲ್ಲವೂ ಅನುಕೂಲವಾಗಿದ್ದಾಗ ಎತ್ತಬಹುದಾದ ಮಿತಿ 23 ಕೆಜಿ. ಕಣಕಾಲುಗಳ ನಡುವಿನಿಂದ ಕೈಗಳವರೆಗೆ ಮುಂದಕ್ಕಿರುವ ಅಡ್ಡ ಅಂತರ 25 ಸೆಂಟಿಮೀಟರ್ ಇದ್ದರೆ ಆ ಮಿತಿ ಪೂರ್ತಿ ಉಳಿಯುತ್ತದೆ. ಅದೇ 50 ಆದರೆ ನೇರವಾಗಿ ಅರ್ಧಕ್ಕಿಳಿಯುತ್ತದೆ. ನಮ್ಮಲ್ಲಿ ಇದ್ದದ್ದು 50. ಪೆಟ್ಟಿಗೆಯ ಹಿಡಿ ನೆಲದಿಂದ 15 ಸೆಂಟಿಮೀಟರ್ ಮೇಲೆ, ಇಡಬೇಕಾದ ಎತ್ತರ 90, ಮೈ ತಿರುಚುವ ಕೋನ 45 ಡಿಗ್ರಿ, ಪಾಳಿಯುದ್ದಕ್ಕೂ ನಿಮಿಷಕ್ಕೊಂದು ಪೆಟ್ಟಿಗೆ. ಇವಕ್ಕೆ ಸೂತ್ರ ಕೊಡುವ ಗುಣಕಗಳನ್ನೆಲ್ಲ ಗುಣಿಸಿದಾಗ ಮಿತಿ ಸುಮಾರು 5.3 ಕೆಜಿಗೆ ಬಂತು, ಅಂದರೆ ಅವನು ಮಿತಿಯ ಮೂರು ಪಟ್ಟು ಎತ್ತುತ್ತಿದ್ದಾನೆ. ಪೆಟ್ಟಿಗೆಯ ಹಿಡಿ 75 ಸೆಂಟಿಮೀಟರ್ ಎತ್ತರಕ್ಕೆ ಬರುವಂತೆ ಪ್ಯಾಲೆಟ್ಟನ್ನು ಏರಿಸಿ, ಕೈಯ ಅಂತರವನ್ನು 30ಕ್ಕೆ ತಂದು, ಮೈ ತಿರುಚದಂತೆ ಮೇಜನ್ನು ಎದುರಿಗಿಟ್ಟರೆ ಮಿತಿ 14 ಕೆಜಿ ದಾಟುತ್ತದೆ, 16 ಕೆಜಿಯ ಪೆಟ್ಟಿಗೆ ಆಗ ಮಿತಿಗಿಂತ ಸ್ವಲ್ಪವೇ ಹೆಚ್ಚು. ಇಷ್ಟಾಗಲು ಪೆಟ್ಟಿಗೆಯಿಂದ ಒಂದು ಮೊಳೆಯನ್ನೂ ತೆಗೆಯಬೇಕಾಗಿಲ್ಲ.

ಹಗುರ ಅದರೀ, ದೂರ ಅದ. ಲೆಕ್ಕ ಬರೆಯುವಾಗ ಈ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತಿತ್ತು. ನಮ್ಮ ಕಡೆ ಭಾರವೆಂದರೆ ಕಿಲೋ ಮಾತ್ರ. ಗಾಯವಾಗುವಷ್ಟು ಭಾರವನ್ನು ಯಾರಿಂದಲೂ ಎತ್ತಿಸಬಾರದೆಂದು 2025ರವರೆಗೆ ಜಾರಿಯಲ್ಲಿದ್ದ ಕಾರ್ಖಾನೆಗಳ ಕಾಯಿದೆ, 1948ರ 34ನೇ ಕಲಂ ಹೇಳುತ್ತಿತ್ತು. ಅದನ್ನು ಓದಿದ ನಮ್ಮವರು ತಕ್ಕಡಿಯನ್ನು ನೋಡಿ ಸುಮ್ಮನಾಗುತ್ತಾರೆ. ಇಲ್ಲಿನ ಮಾರ್ಕೆಟ್ ಯಾರ್ಡಿನ ಹಮಾಲರು ಚೀಲದ ತೂಕ ಇಳಿಸಬೇಕೆಂದು ಹೋರಾಡಿದ್ದು ಸರಿಯೇ, ಏಕೆಂದರೆ ಹೆಗಲ ಮೇಲಿನ ಚೀಲಕ್ಕೆ ತೂಕವೇ ಮುಖ್ಯ. ಆದರೆ ಕೈಚಾಚಿ ಎತ್ತುವವನಿಗೆ ತಕ್ಕಡಿ ಏನನ್ನೂ ಹೇಳುವುದಿಲ್ಲ. ಅಂತರವನ್ನು ಬಲ್ಲವನು ಎತ್ತುವವನೊಬ್ಬನೇ, ಮತ್ತು ದಿನಗೂಲಿಯವನಾದ ಅವನನ್ನು ಯಾರೂ ಕೇಳುವುದಿಲ್ಲ. ತಾನಾಗಿ ಹೇಳಿದರೆ ಮರುದಿನ ಗೇಟಿನಲ್ಲಿ ಇನ್ನೊಬ್ಬ ನಿಂತಿರುತ್ತಾನೆ. ಆಳಂದದ ಹುಡುಗ ಅಷ್ಟಾದರೂ ಹೇಳಿದ್ದು ನಾನು ಕನ್ನಡದಲ್ಲಿ ಮಾತನಾಡಿಸಿದ್ದರಿಂದ ಇರಬಹುದು. ಅದು ನಮ್ಮ ವ್ಯವಸ್ಥೆಯ ಹೆಚ್ಚುಗಾರಿಕೆಯಲ್ಲ.

ಹೆಸರಿಲ್ಲದೆ ಅವನ ಮಾತನ್ನು ವರದಿಯಲ್ಲಿ ಸೇರಿಸಿದ್ದೇನೆ. ಎತ್ತರಿಸುವ ಮೇಜಿನ ಬೆಲೆ ತಿಳಿಯಲು ಖರೀದಿ ವಿಭಾಗಕ್ಕೆ ಪತ್ರ ಹೋಗಿದೆ. ಪ್ಯಾಲೆಟ್ಟನ್ನು ಗೋಡೆಯಿಂದ ಎರಡಡಿ ಸರಿಸಲು ಖರ್ಚೇನೂ ಇಲ್ಲ. ಆದರೆ ನೆಲದ ಮೇಲಿನ ಹಳದಿ ಗೆರೆಯನ್ನು ಬೇರೆಡೆ ಎಳೆಯಬೇಕಾಗುತ್ತದೆ, ಅದಕ್ಕೆ ಮೂವರ ಸಹಿ ಬೇಕು, ಸದ್ಯಕ್ಕೆ ಸೂಪರ್‌ವೈಸರರದ್ದು ಮಾತ್ರ ಸಿಕ್ಕಿದೆ.